ವಿಹಾರ ನೌಕಾಚಾಲಕರ ಅಂತರರಾಷ್ಟ್ರೀಯ ಪ್ರಮಾಣಪತ್ರ

ವಿಹಾರ ನೌಕಾಚಾಲಕರ ಅಂತರರಾಷ್ಟ್ರೀಯ ಪ್ರಮಾಣಪತ್ರವು ಹಾಯಿದೋಣಿ, ಮೋಟಾರುದೋಣಿ ಮೊದಲಾದ ಖಾಸಗಿ ವಿಹಾರ ನೌಕೆಗಳನ್ನು ಪರದೇಶದ ಜಲಪ್ರದೇಶದಲ್ಲಿ ನಡೆಸಲು ಬೇಕಾದ ಕನಿಷ್ಠ ಸಾಮರ್ಥ್ಯವು ಒಬ್ಬ ವ್ಯಕ್ತಿಗೆ ಇದೆಯೆಂದು ದೃಢೀಕರಿಸುವ ದಾಖಲೆಯಾಗಿದೆ. ಇಂಟರ್‌ನ್ಯಾಷನಲ್ ಸರ್ಟಿಫಿಕೇಟ್ ಆಫ್ ಕಾಂಪಿಟೆನ್ಸ್ ಎಂಬ ಹೆಸರಿನಿಂದ ಐಸಿಸಿ ಎಂದೇ ಇದು ಪ್ರಚಲಿತವಾಗಿದೆ. ಕ್ರಿಕೆಟ್ ಮಂಡಳಿಗೂ ಇದಕ್ಕೂ ಸಂಬಂಧವಿಲ್ಲ. ಯುರೋಪಿನ ಒಳನಾಡು ಕಾಲುವೆಗಳಲ್ಲಿ ಹಾಗೂ ಮೆಡಿಟರೇನಿಯನ್ ಕರಾವಳಿಯಲ್ಲಿ ಇದರ ಬಳಕೆ ಹೆಚ್ಚು. ವೃತ್ತಿಪರ ನಾವಿಕರ ಅರ್ಹತಾ ಪತ್ರಗಳಿಗೆ ಇದು ಪರ್ಯಾಯವಲ್ಲ.

ಹಿನ್ನೆಲೆ

ವಿಹಾರ ನೌಕೆಗಳ ಚಾಲನೆಗೆ ಸಂಬಂಧಿಸಿದ ಕಾನೂನು ದೇಶದಿಂದ ದೇಶಕ್ಕೆ ಬಹಳ ಭಿನ್ನವಾಗಿದೆ. ಜರ್ಮನಿಯಲ್ಲಿ ನಿಗದಿತ ಶಕ್ತಿಗಿಂತ ಹೆಚ್ಚಿನ ಎಂಜಿನ್ ಉಳ್ಳ ದೋಣಿಗೆ ಪರವಾನಗಿ ಕಡ್ಡಾಯ. ಬ್ರಿಟನ್ನಿನಲ್ಲಾದರೋ ಸಣ್ಣ ಖಾಸಗಿ ದೋಣಿಯನ್ನು ಸಮುದ್ರಕ್ಕೆ ಒಯ್ಯಲು ಯಾವ ಪರವಾನಗಿಯೂ ಬೇಕಿಲ್ಲ. ಹೀಗಾಗಿ ಮೂವತ್ತು ವರ್ಷ ಕಡಲಿನಲ್ಲಿ ಪಳಗಿದ ಬ್ರಿಟಿಷ್ ಚಾಲಕನೊಬ್ಬ ಇಂಗ್ಲಿಷ್ ಕಾಲುವೆಯನ್ನು ದಾಟಿದೊಡನೆ ತೋರಿಸಲು ಕಾಗದವಿಲ್ಲದವನಾಗುತ್ತಿದ್ದನು. ಈ ತೊಡಕನ್ನು ನಿವಾರಿಸಲು ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗವು 1998ರಲ್ಲಿ 40ನೆಯ ನಿರ್ಣಯವನ್ನು ಅಂಗೀಕರಿಸಿ, ಪ್ರಮಾಣಪತ್ರದ ನಮೂನೆಯನ್ನೂ ಪಠ್ಯವಸ್ತುವನ್ನೂ ಗೊತ್ತುಪಡಿಸಿತು. ಬ್ರಿಟನ್ನಿನಲ್ಲಿ ಇದನ್ನು ನೀಡುವ ಅಧಿಕಾರ 1875ರಲ್ಲಿ ಸ್ಥಾಪಿತವಾದ ರಾಯಲ್ ಯಾಚಿಂಗ್ ಅಸೋಸಿಯೇಷನ್‌ಗೆ ಇದೆ. ಆಯೋಗವು ಯುರೋಪಿಯನ್ ಒಕ್ಕೂಟದ ಅಂಗವಲ್ಲವಾದ್ದರಿಂದ, ಬ್ರಿಟನ್ ಒಕ್ಕೂಟವನ್ನು ತೊರೆದ ಮೇಲೂ ಈ ವ್ಯವಸ್ಥೆ ಮುಂದುವರಿದಿದೆ.

ಕಾನೂನಿನ ನೆಲೆ

ಹೆಸರಿನಲ್ಲಿ 'ಅಂತರರಾಷ್ಟ್ರೀಯ' ಎಂದಿದ್ದರೂ ಈ ಪತ್ರಕ್ಕೆ ಎಲ್ಲೆಡೆಯೂ ಮಾನ್ಯತೆ ಇದೆಯೆಂದು ಭಾವಿಸುವುದು ತಪ್ಪು. 40ನೆಯ ನಿರ್ಣಯವು ಒಪ್ಪಂದವಲ್ಲ, ಶಿಫಾರಸು ಮಾತ್ರ. ಅದನ್ನು ಅಂಗೀಕರಿಸುವುದು ಆಯಾ ಸರ್ಕಾರಗಳಿಗೆ ಬಿಟ್ಟ ವಿಷಯ. ನಿರ್ಣಯವನ್ನು ವಿಧ್ಯುಕ್ತವಾಗಿ ಒಪ್ಪದ ಕೆಲವು ಮೆಡಿಟರೇನಿಯನ್ ದೇಶಗಳಲ್ಲಿ ಬಂದರು ಅಧಿಕಾರಿಗಳು ಈ ಪತ್ರವನ್ನೇ ಕೇಳುವುದುಂಟು.

ವಿಶ್ವಸಂಸ್ಥೆಯ 1982ರ ಸಮುದ್ರ ಕಾನೂನು ಒಡಂಬಡಿಕೆಯ ಪ್ರಕಾರ, 12 ನಾಟಿಕಲ್ ಮೈಲಿಗಳವರೆಗಿನ ಪ್ರಾದೇಶಿಕ ಸಮುದ್ರದಲ್ಲಿ ನಿರಪಾಯವಾಗಿ ಹಾದುಹೋಗುವ ವಿದೇಶಿ ನೌಕೆಯ ಸಿಬ್ಬಂದಿಯ ಅರ್ಹತೆಗೆ ಕರಾವಳಿ ದೇಶವು ತನ್ನದೇ ನಿಯಮಗಳನ್ನು ಹೇರುವಂತಿಲ್ಲ. ಸರ್ವಮಾನ್ಯ ಅಂತರರಾಷ್ಟ್ರೀಯ ನಿಯಮಗಳನ್ನಷ್ಟೇ ಜಾರಿಗೊಳಿಸಬಹುದು. ಆದರೆ ಬಂದರು, ನದಿ, ಕಾಲುವೆಗಳು ಒಳಜಲಗಳಾದ್ದರಿಂದ ಅಲ್ಲಿ ಆ ದೇಶದ ಮಾತೇ ಅಂತಿಮ. ಬಾಡಿಗೆಗೆ ಪಡೆದ ದೋಣಿ ಸಾಮಾನ್ಯವಾಗಿ ಸ್ಥಳೀಯ ಧ್ವಜವನ್ನೇ ಹೊತ್ತಿರುವುದರಿಂದ ಅದಕ್ಕೆ ಸ್ಥಳೀಯ ಕಾನೂನು ಪೂರ್ಣವಾಗಿ ಅನ್ವಯಿಸುತ್ತದೆ. ಪ್ರವಾಸಿಗರು ಸಿಕ್ಕಿಬೀಳುವುದು ಬಹುಮಟ್ಟಿಗೆ ಇಲ್ಲಿಯೇ. ಸೂಕ್ತ ಪತ್ರವಿಲ್ಲದೆ ಅಪಘಾತವಾದಲ್ಲಿ ದಂಡದ ಜೊತೆಗೆ ವಿಮೆಯ ಪರಿಹಾರವೂ ಕೈತಪ್ಪಬಹುದು.

ಅರ್ಹತೆ ಮತ್ತು ಪರೀಕ್ಷೆ

ಅಭ್ಯರ್ಥಿಗೆ ಕನಿಷ್ಠ 16 ವರ್ಷ ತುಂಬಿರಬೇಕು. ದೃಷ್ಟಿ ಮತ್ತು ಶ್ರವಣ ಶಕ್ತಿ ಸಮರ್ಪಕವಾಗಿರಬೇಕು. ಪತ್ರದಲ್ಲಿ ಒಳನಾಡು ಹಾಗೂ ಕರಾವಳಿ ಜಲಗಳಿಗೆ, ಹಾಯಿ ಹಾಗೂ ಮೋಟಾರು ನೌಕೆಗಳಿಗೆ ಪ್ರತ್ಯೇಕ ಅನುಮೋದನೆಗಳಿರುತ್ತವೆ. ಬ್ರಿಟನ್ನಿನ ಪತ್ರದಲ್ಲಿ ಮೋಟಾರು ನೌಕೆಗಳಿಗೆ 10 ಮೀಟರ್ ಉದ್ದದ ಇನ್ನೊಂದು ಗೆರೆಯಿದೆ. ಅಲ್ಲಿನ ಪತ್ರವನ್ನು 5 ವರ್ಷಗಳಿಗೊಮ್ಮೆ ನವೀಕರಿಸಬೇಕು.

ಪ್ರಾಯೋಗಿಕ ಪರೀಕ್ಷೆಯಲ್ಲಿ ಎಂಜಿನ್ ತಪಾಸಣೆ, ಕಟ್ಟೆಯಿಂದ ಹೊರಡುವುದು, ಇಕ್ಕಟ್ಟಾದ ಜಾಗದಲ್ಲಿ ತಿರುಗಿಸುವುದು, ತೇಲುಬೋಯೆಗೆ ಕಟ್ಟುವುದು, ನೀರಿಗೆ ಬಿದ್ದವರನ್ನು ಮೇಲೆತ್ತುವುದು ಮುಂತಾದವುಗಳನ್ನು ಮಾಡಿ ತೋರಿಸಬೇಕು. 1972ರ ಘರ್ಷಣೆ ತಡೆ ನಿಯಮಗಳು, ದೀಪಗಳು, ಧ್ವನಿಸಂಕೇತಗಳು ಮತ್ತು ನಕ್ಷೆಯ ಓದು ಸೈದ್ಧಾಂತಿಕ ಭಾಗದಲ್ಲಿ ಬರುತ್ತವೆ. ಐದು ದಿನಗಳ 'ಡೇ ಸ್ಕಿಪ್ಪರ್' ಪ್ರಾಯೋಗಿಕ ಶಿಕ್ಷಣವನ್ನು ಪೂರೈಸಿದವರು ಬೇರೆ ಪರೀಕ್ಷೆಯಿಲ್ಲದೆ ಕರಾವಳಿ ಅನುಮೋದನೆಯನ್ನು ಪಡೆಯಬಹುದು.

ವೇಗದ ದೋಣಿಗಳ ಪರೀಕ್ಷೆಯಲ್ಲಿ 'ಕಿಲ್ ಕಾರ್ಡ್' ಎಂಬ ಹಗ್ಗದ ಬಳಕೆಗೆ ವಿಶೇಷ ಮಹತ್ವವಿದೆ. ಚಾಲಕನ ಕಾಲಿಗೆ ಕಟ್ಟಿದ ಈ ಹಗ್ಗವು ಆತ ಸ್ಥಾನದಿಂದ ಎಸೆಯಲ್ಪಟ್ಟೊಡನೆ ಎಂಜಿನನ್ನು ನಿಲ್ಲಿಸುತ್ತದೆ. 2013ರ ಮೇ 5ರಂದು ಇಂಗ್ಲೆಂಡಿನ ಪ್ಯಾಡ್‌ಸ್ಟೋ ಸಮೀಪ ಒಂದು ಕುಟುಂಬವು ವೇಗದ ದೋಣಿಯಿಂದ ನೀರಿಗೆ ಎಸೆಯಲ್ಪಟ್ಟಿತು. ಹಗ್ಗ ಕಟ್ಟಿರಲಿಲ್ಲವಾದ್ದರಿಂದ ಚಾಲಕರಿಲ್ಲದ ದೋಣಿ ಸುತ್ತುತ್ತ ಅವರ ಮೇಲೆಯೇ ಹಾಯ್ದು, ತಂದೆ ಹಾಗೂ ಮಗಳು ಮೃತಪಟ್ಟರು.

ಒಳನಾಡು ಜಲಮಾರ್ಗಗಳು

ಒಳನಾಡು ಅನುಮೋದನೆಗೆ ಸೆವ್ನಿ ಎಂಬ ಯುರೋಪಿಯನ್ ಜಲಮಾರ್ಗ ಸಂಹಿತೆಯ ಪರೀಕ್ಷೆಯನ್ನು ಪಾಸಾಗಬೇಕು. ಕಡಲಿನ ರೂಢಿ ಇಲ್ಲಿ ಸಾಲದು. ಉದಾಹರಣೆಗೆ, ಸಮುದ್ರದಲ್ಲಿ ಎದುರುಬದುರಾದ ಮೋಟಾರು ನೌಕೆಗಳು ಬಲಕ್ಕೆ ಸರಿಯುತ್ತವೆ. ರೈನ್ ನದಿಯಲ್ಲಾದರೆ ಪ್ರವಾಹಕ್ಕೆ ಎದುರಾಗಿ ಬರುವ ಸರಕು ನೌಕೆಯೇ ಪಾರ್ಶ್ವವನ್ನು ಆರಿಸುತ್ತದೆ; ಅದು ನೀಲಿ ಫಲಕವನ್ನೂ ಮಿನುಗುವ ಬಿಳಿ ದೀಪವನ್ನೂ ತೋರಿದರೆ ಪರಸ್ಪರ ಬಲಬದಿಗಳು ಎದುರಾಗುವಂತೆ ಹಾದುಹೋಗಬೇಕೆಂದು ಅರ್ಥ. ಸಣ್ಣ ದೋಣಿಗಳು ದೊಡ್ಡ ನೌಕೆಗಳಿಗೆ ದಾರಿ ಬಿಡಬೇಕು. ಫ್ರಾನ್ಸಿನ ಕೆಲವು ಕಾಲುವೆಗಳಲ್ಲಿ ಬಾಡಿಗೆ ಸಂಸ್ಥೆಯೇ ಕಿರು ತರಬೇತಿಯಿತ್ತು ಅಲ್ಪಾವಧಿಯ ಕಾರ್ಡನ್ನು ನೀಡುವ ಪದ್ಧತಿಯೂ ಇದೆ.

ರೇಡಿಯೋ ಅರ್ಹತೆ

ವಿಎಚ್‌ಎಫ್ ರೇಡಿಯೋ ಬಳಕೆಗೆ ಬೇರೆಯೇ ಪ್ರಮಾಣಪತ್ರ ಬೇಕು. ಕ್ರೊಯೇಷಿಯಾದಲ್ಲಿ ದೋಣಿ ಬಾಡಿಗೆಗೆ ಪಡೆಯುವವರು ಇದನ್ನು ಮರೆತು ಬಂದರಿನಲ್ಲೇ ಉಳಿಯುವ ಸಂಭವವಿದೆ. ಅಲ್ಲಿ ಚಾಲನಾ ಪತ್ರದೊಂದಿಗೆ ರೇಡಿಯೋ ಪತ್ರವನ್ನೂ ತೋರಿಸಬೇಕಾಗುತ್ತದೆ. ಅಲ್ಲಿನ ಬಂದರು ಕಚೇರಿಗಳು ವಿದೇಶಿಯರಿಗೂ ತಮ್ಮದೇ ದೋಣಿ ಚಾಲನಾ ಪರೀಕ್ಷೆಯನ್ನು ನಡೆಸುತ್ತವೆ.

ಭಾರತೀಯರಿಗೆ ಅವಕಾಶ

ನಿರ್ಣಯವನ್ನು ಪಾಲಿಸುವ ದೇಶವು ತನ್ನ ಪ್ರಜೆಗಳಿಗೆ ಹಾಗೂ ನಿವಾಸಿಗಳಿಗೆ ಮಾತ್ರವಲ್ಲದೆ, ಯುರೋಪ್ ಆರ್ಥಿಕ ಆಯೋಗದ ಸದಸ್ಯತ್ವವಿಲ್ಲದ ವಿಶ್ವಸಂಸ್ಥೆಯ ರಾಷ್ಟ್ರಗಳ ಪ್ರಜೆಗಳಿಗೂ ಪತ್ರ ನೀಡಬಹುದು. ಭಾರತ ಈ ಗುಂಪಿಗೆ ಸೇರುತ್ತದೆ. ಅಮೆರಿಕ ಮತ್ತು ಕೆನಡಾ ಆಯೋಗದ ಸದಸ್ಯ ರಾಷ್ಟ್ರಗಳಾಗಿರುವುದರಿಂದಲೇ ಅಲ್ಲಿನವರಿಗೆ ಈ ದಾರಿ ತೆರೆದಿಲ್ಲವೆಂಬುದು ವಿಚಿತ್ರವಾದರೂ ನಿಜ. ಭಾರತ ಮತ್ತು ಯುರೋಪ್ ಎರಡೂ ತೇಲುಬೋಯೆಗಳ 'ಎ' ವಲಯದಲ್ಲಿವೆ: ಬಂದರನ್ನು ಪ್ರವೇಶಿಸುವಾಗ ಕೆಂಪು ಬೋಯೆ ಎಡಕ್ಕೆ, ಹಸಿರು ಬಲಕ್ಕೆ. ಮಂಗಳೂರಿನ ಬಂದರಿನಲ್ಲಿ ಕಲಿತ ಈ ಪಾಠ ಗ್ರೀಸಿನಲ್ಲೂ ನಡೆಯುತ್ತದೆ. ಅಮೆರಿಕ ಖಂಡಗಳಲ್ಲಿ ಬಣ್ಣಗಳು ಅದಲುಬದಲಾಗಿರುತ್ತವೆ.