ಉದ್ಯೋಗವನ್ನರಸಿ ಎಷ್ಟು ದೂರ?

ಕಳೆದ ಶ್ರಾವಣದ ಒಂದು ಮಧ್ಯಾಹ್ನ, ನಾವು ಕೆಲಸ ಮಾಡುವ ಬ್ಯಾಂಕಿನ ಕೌಂಟರಿನ ಮುಂದೆ ಯಾದಗಿರಿ ಕಡೆಯ ಗೌಂಡಿಯೊಬ್ಬರು ಬಂದು ನಿಂತರು. ಊರಿಗೆ ಹಣ ಕಳುಹಿಸಬೇಕಾಗಿತ್ತು. ಚೀಟಿ ತುಂಬಲು ಬಾರದು. ಅವರ ಹೆಸರು ಕೇಳುತ್ತಲೇ ನಾವು ಕನ್ನಡದಲ್ಲಿ ಮಾತನಾಡಿಸಿದೆವು. ಮುಖ ಅರಳಿತು. ಚೀಟಿ ಮುಗಿದ ಮೇಲೆ ಮೆಲ್ಲಗೆ ಕೇಳಿದರು: “ಸಾಹೇಬ್ರ, ನಮ್ಮ ಹುಡುಗ ಹತ್ತನೇ ಕ್ಲಾಸು ಪಾಸಾಗ್ಯಾನ್ರಿ. ಊರಾಗ ಕೆಲಸಿಲ್ಲ. ಮುಂಬೈಗೆ ಕರಕೊಂಡು ಬರ್ಲೇನ್ರಿ?”

ಹಿಂದೆ ಸಾಲು ಬೆಳೆದಿತ್ತು. ನಾವು ಏನೋ ಎರಡು ಮಾತು ಹೇಳಿ ಕಳುಹಿಸಿದೆವು. ಆದರೆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಈ ಸಂಘದ ಸದಸ್ಯರಾದ ನಾವೆಲ್ಲರೂ, ನಾವಲ್ಲದಿದ್ದರೆ ನಮ್ಮ ತಂದೆಯವರೋ ಅಜ್ಜಂದಿರೋ, ಒಮ್ಮೆ ಅದೇ ಪ್ರಶ್ನೆಯನ್ನು ಕೇಳಿಕೊಂಡು ಊರು ಬಿಟ್ಟವರಲ್ಲವೆ? ಕೆಲಸವಿಲ್ಲದವನು ಕೆಲಸವನ್ನರಸಿ ದೂರ ಹೋಗಬೇಕೆ? ಹೋದರೆ ಎಷ್ಟು ದೂರ? ಬಿ.ಕಾಂ. ಓದಿ ಜಮಾ ಖರ್ಚು ಬರೆಯುವ ನಾವು ಇತಿಹಾಸಕಾರರಲ್ಲ. ಆದರೂ ಹಿಂದಿನ ಲೆಕ್ಕವನ್ನು ಒಮ್ಮೆ ತಿರುವಿ ನೋಡುವುದು ಒಳ್ಳೆಯದೆಂದು ತೋರಿತು.

“ಕೂತು ಉಣ್ಣುವವನಿಗೆ ಕುಡಿಕೆ ಹಣ ಸಾಲದು” ಎಂಬುದು ನಮ್ಮವರ ಗಾದೆ. ಕೆಲಸ ಸಿಗದವನು ಕಾಲು ಬೆಳೆಸಲು ಒಲ್ಲದವನೆಂಬ ಮಾತು ಇಂದಿಗೂ ಕೇಳಿಬರುತ್ತದೆ. ಈ ಮಾತನ್ನು ಸರಕಾರವೇ ನಿಯಮವನ್ನಾಗಿ ಮಾಡಿದ್ದೂ ಉಂಟು. 1876ರಿಂದ 1878ರ ವರೆಗಿನ ಧಾತು ಈಶ್ವರ ಸಂವತ್ಸರಗಳ ಮಹಾ ಬರ ಮೈಸೂರು, ಬಳ್ಳಾರಿ, ಧಾರವಾಡ, ಮುಂದೆ ಬಿಜಾಪುರ ಜಿಲ್ಲೆಯೆನಿಸಿದ ಕಲಾದಗಿ ಮುಂತಾದ ಕನ್ನಡ ನಾಡಿನ ಬಹು ಭಾಗವನ್ನು ಸುಟ್ಟಿತು. ಆಗ ವೈಸರಾಯ್ ಲಾರ್ಡ್ ಲಿಟ್ಟನ್ನರ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್ಲರು ಬರ ಪರಿಹಾರದ ಖರ್ಚನ್ನು ಬಿಗಿಹಿಡಿದರು. ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಅಲ್ಪ ಕಾಸಿಗೆ ಇಳಿಸಲಾಯಿತು. ಅದರೊಡನೆ ‘ದೂರದ ಪರೀಕ್ಷೆ’ ಎಂಬ ನಿಯಮವೂ ಬಂದಿತು: ಕೈಕಾಲು ಗಟ್ಟಿಯಿರುವವನಿಗೆ ಮನೆಯಿಂದ ಹತ್ತು ಮೈಲಿಯೊಳಗೆ ಕೆಲಸವಿಲ್ಲ. ನಿಜವಾಗಿ ಹಸಿದವನಾದರೆ ದೂರ ನಡೆದು ಬರುತ್ತಾನೆ, ಬಾರದವನಿಗೆ ಹಸಿವಿಲ್ಲವೆಂಬುದು ಅದರ ತರ್ಕ.

ಈ ತರ್ಕದಲ್ಲಿ ಒಂದು ದೊಡ್ಡ ತಪ್ಪು ಅಡಗಿತ್ತು. ಎಲ್ಲರಿಗಿಂತ ಹೆಚ್ಚು ಹಸಿದವನಿಗೇ ನಡೆಯುವ ಶಕ್ತಿ ಎಲ್ಲರಿಗಿಂತ ಕಡಮೆ. ಮನೆಯಲ್ಲಿ ಮುದುಕರನ್ನೂ ಹಸುಗೂಸುಗಳನ್ನೂ ಬಿಟ್ಟು ಅವನು ಹೇಗೆ ಹೋದಾನು? ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷರು ಆ ಕೂಲಿಯಿಂದ ದುಡಿಯುವ ಜೀವ ಉಳಿಯದೆಂದು ಪ್ರತಿಭಟಿಸಿದರು. ಮುಂಬಯಿ ಪ್ರಾಂತದಲ್ಲಿ, ಕಡಮೆ ಕೂಲಿಗೆ ದೂರದ ಕಾಮಗಾರಿಗಳಿಗೆ ಹೋಗಲು ಸಾವಿರಾರು ಜನ ಒಪ್ಪದೆ ಕೆಲಸ ಬಿಟ್ಟು ಹೊರಟರು. ಅವರ ಸಂಕಟದ ವರದಿಗಳನ್ನು ಕೂಡಿಹಾಕಿ ಸರಕಾರಕ್ಕೆ ಮುಟ್ಟಿಸಿದ್ದು ಪುಣೆಯ ಸಾರ್ವಜನಿಕ ಸಭೆ. ಅದೂ ನಮ್ಮ ಸಂಘದಂತೆ ಒಂದು ಸಂಘವೇ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50 ಲಕ್ಷ 55 ಸಾವಿರವಿದ್ದದ್ದು 1881ರಲ್ಲಿ 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು. ಇಷ್ಟೂ ದೂರದ ಪರೀಕ್ಷೆಯ ಫಲವೆಂದು ನಾವು ಹೇಳುವುದಿಲ್ಲ. ಬರದ ಊರಿನಲ್ಲಿ ಹತ್ತು ಮೈಲಿ ಎಂದರೆ ಏನೆಂಬುದನ್ನು ಊಹಿಸಲು ಈ ಲೆಕ್ಕ ಸಾಕು.

2005ರಲ್ಲಿ ನಮ್ಮ ಸಂಸತ್ತು ಅಂಗೀಕರಿಸಿದ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆ ಇದಕ್ಕೆ ನೇರ ವಿರುದ್ಧವಾದ ಮಾತನ್ನು ಬರೆಯಿತು. ಸಾಧ್ಯವಾದ ಮಟ್ಟಿಗೆ ಊರಿನಿಂದ 5 ಕಿಲೋಮೀಟರಿನೊಳಗೆ ಕೆಲಸ ಕೊಡಬೇಕು. ಅದರಾಚೆ ಕೊಟ್ಟರೆ ಕೂಲಿಯ ಮೇಲೆ ಶೇಕಡ 10 ಹೆಚ್ಚು ಕೊಡಬೇಕು. ಹತ್ತು ಮೈಲಿ ಎಂದರೆ 16 ಕಿಲೋಮೀಟರು. ಹದಿನಾರರಿಂದ ಐದಕ್ಕೆ ಬರಲು ನಮ್ಮ ದೇಶಕ್ಕೆ ಸುಮಾರು 130 ವರ್ಷ ಹಿಡಿಯಿತು.

ಹಾಗಾದರೆ ಊರಲ್ಲೇ ಕೂತಿರಬೇಕೆ? ಅದೂ ನಮ್ಮ ಅಭಿಪ್ರಾಯವಲ್ಲ. ಹಾಗೆ ಹೇಳಿದರೆ ಈ ಸಂಚಿಕೆಯೇ ಸುಳ್ಳಾದೀತು. ಕರಾವಳಿಯ ನಮ್ಮ ಹಿರಿಯರು ಮಂಗಳೂರಿನಿಂದ ಹಡಗೇರಿ ಈ ಮಹಾನಗರಕ್ಕೆ ಬಂದರು. ಮಳೆಗಾಲದಲ್ಲಿ ಆ ದಾರಿಯೂ ಇಲ್ಲ. ಬಂದವರು ಹೋಟೆಲುಗಳಲ್ಲಿ ತಟ್ಟೆ ತೊಳೆದರು, ಕಚೇರಿಗಳ ಕ್ಯಾಂಟೀನಿನಲ್ಲಿ ಚಹ ಹಂಚಿದರು, ರಾತ್ರಿ ಶಾಲೆಯ ಬೆಂಚಿನ ಮೇಲೆ ಕೂತು ಮೆಟ್ರಿಕ್ ಮುಗಿಸಿದರು. ಅವರಲ್ಲಿ ಗುಮಾಸ್ತರಾದವರು, ವಕೀಲರಾದವರು, ಸ್ವಂತ ಹೋಟೆಲು ಇಟ್ಟವರು ಎಷ್ಟೋ ಮಂದಿ.

1949ರಲ್ಲಿ ಮಂಗಳೂರಿನ ಹತ್ತೊಂಬತ್ತು ವರ್ಷದ ಹುಡುಗನೊಬ್ಬ ಕೆಲಸವನ್ನರಸಿ ಇಲ್ಲಿಗೆ ಬಂದು ಚೌಪಾಟಿಯ ಬೆಂಚುಗಳ ಮೇಲೆ ಮಲಗಿ ರಾತ್ರಿ ಕಳೆದ. ಅವರೇ ಜಾರ್ಜ್ ಫೆರ್ನಾಂಡಿಸ್. 1967ರಲ್ಲಿ ಅವರು ಇದೇ ನಗರದಿಂದ ಲೋಕಸಭೆಗೆ ಆರಿಸಿಹೋದರು. ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾದ 1990ರಲ್ಲಿ ರೈಲು ಮಂತ್ರಿಯಾಗಿದ್ದವರೂ ಅವರೇ. 1998ರಲ್ಲಿ ಆ ದಾರಿ ಪೂರ್ತಿಯಾಗಿ ತೆರೆದಾಗ ಮುಂಬಯಿ ಮಂಗಳೂರುಗಳ ನಡುವಿನ ದೂರ ಒಂದು ರಾತ್ರಿಯ ಪ್ರಯಾಣವಾಯಿತು.

ಆದರೆ ಒಂದು ಮಾತನ್ನು ಮರೆಯಲಾಗದು. ಕರಾವಳಿಯವರು ಗೆದ್ದದ್ದು ಬರಿಯ ಕಾಲ್ಬಲದಿಂದಲ್ಲ. ಅವರು ಬರುವ ಮೊದಲೇ ಇಲ್ಲಿ ಯಾರೋ ಒಬ್ಬರು ಇದ್ದರು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ, ಮೈಸೂರು ಅಸೋಸಿಯೇಶನ್ 1926ರಲ್ಲಿ, ಬಂಟರ ಸಂಘ 1927ರಲ್ಲಿ, ಬಿಲ್ಲವರ ಅಸೋಸಿಯೇಶನ್ 1932ರಲ್ಲಿ, ಕರ್ನಾಟಕ ಸಂಘ 1933ರಲ್ಲಿ ಹುಟ್ಟಿದವು. ಮಲಗಲು ಒಂದು ಖೋಲಿಯ ಮೂಲೆ, ಸಾಹೇಬರಿಗೊಂದು ಶಿಫಾರಸು, ಓದಲು ಕನ್ನಡದ ರಾತ್ರಿ ಶಾಲೆ, ಜ್ವರ ಬಂದರೆ ಗಂಜಿ ಕಾಯಿಸಿಕೊಡುವ ಊರಿನವರು: ಇಷ್ಟಿದ್ದುದರಿಂದ ದೂರ ಅವರನ್ನು ಕೊಲ್ಲಲಿಲ್ಲ.

ಇಂಥ ಆಸರೆ ಎಲ್ಲರಿಗೂ ಇರಲಿಲ್ಲ. 1931ರಲ್ಲಿ ವರದಿ ಕೊಟ್ಟ ವಿಟ್ಲಿ ಆಯೋಗ, ಗಿರಣಿಯ ಕೆಲಸಗಾರರನ್ನು ನಗರ ಎಳೆದುಕೊಂಡದ್ದಲ್ಲ, ಹಳ್ಳಿಯೇ ಹೊರಗೆ ನೂಕಿದ್ದು ಎಂಬ ಅಭಿಪ್ರಾಯಕ್ಕೆ ಬಂದಿತು. ಕೆಲಸ ಕೊಡಿಸುವ ಮುಕಾದಮರು ಲಂಚ ತಿನ್ನುತ್ತಿದ್ದುದನ್ನೂ ಬರೆಯಿತು. ಕನ್ನಡದಲ್ಲಿ ಇದಕ್ಕೆ ಎರಡು ಮಾತುಗಳಿವೆ. ಒಂದು ವಲಸೆ, ಇನ್ನೊಂದು ಗುಳೆ. ವಲಸೆ ಹೋಗುವವನು ವಿಳಾಸ ಹಿಡಿದು ಹೋಗುತ್ತಾನೆ; ಗುಳೆ ಹೋಗುವವನು ಗಂಟು ಕಟ್ಟಿಕೊಂಡು, ಹೆಂಡತಿ ಮಕ್ಕಳೊಡನೆ, ಎಷ್ಟೋ ಸಲ ಮುಂಗಡದ ಸಾಲ ಹೊತ್ತು ಹೋಗುತ್ತಾನೆ. 2020ರ ಮಾರ್ಚಿಯಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿದಾಗ ಹೆದ್ದಾರಿಯ ಮೇಲೆ ನಡೆದವರು ಯಾರು? ವಿಳಾಸವಿದ್ದ ನಾವು ಮನೆಯೊಳಗೇ ಇದ್ದೆವು.

ಇನ್ನೊಂದು ಮಗ್ಗುಲನ್ನೂ ನೋಡಬೇಕು. ದೂರದಿಂದ ಬಂದವನನ್ನು ಎದುರುಗೊಳ್ಳುವವರ ಮನಸ್ಸೂ ಇತಿಹಾಸದ ಭಾಗವೇ. 1966ರ ನಂತರದ ವರ್ಷಗಳಲ್ಲಿ ದಕ್ಷಿಣದವರು ನಮ್ಮ ನೌಕರಿ ಕಸಿದರೆಂಬ ಕೂಗು ಈ ನಗರದಲ್ಲಿ ಎದ್ದಿತು. ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದುದನ್ನು ನಮ್ಮ ಹಿರಿಯರು ಬಲ್ಲರು. 2024ರ ಜುಲೈಯಲ್ಲಿ ಕರ್ನಾಟಕದ ಮಂತ್ರಿಮಂಡಲವೂ ಖಾಸಗಿ ಉದ್ಯೋಗಗಳಲ್ಲಿ ಸ್ಥಳೀಯರಿಗೆ ಮೀಸಲಾತಿಯ ಮಸೂದೆಗೆ ಒಪ್ಪಿಗೆ ಕೊಟ್ಟು, ಕೂಡಲೇ ತಡೆಹಿಡಿಯಿತು. ಊರಿನ ಹುಡುಗರಿಗೆ ಊರಿನಲ್ಲೇ ಕೆಲಸ ಬೇಕೆಂಬುದು ನ್ಯಾಯವೇ. ಹೊರಗಿನವನೂ ಯಾರದೋ ಮನೆಯ ಮಗನೆಂಬುದನ್ನು ಹೊರನಾಡಿನಲ್ಲಿರುವ ನಾವು ಮಾತ್ರ ಮರೆಯುವಂತಿಲ್ಲ.

ಈ ಲೆಕ್ಕವನ್ನೆಲ್ಲ ಕೂಡಿಸಿದಾಗ ನಮಗೆ ತೋರುವುದಿಷ್ಟು. ಕೆಲಸಕ್ಕಾಗಿ ದೂರ ಹೋಗಬಾರದೆಂದಿಲ್ಲ. ಆದರೆ ದೂರವನ್ನು ಪರೀಕ್ಷೆಯಾಗಿ ಯಾರ ಮೇಲೂ ಹೇರಬಾರದು. ಹೊರಡುವವನು ರೈಲಿನ ದರವನ್ನಲ್ಲ, ಖೋಲಿಯ ಬಾಡಿಗೆ, ಡಿಪಾಜಿಟ್ಟು, ಊರಲ್ಲಿ ಬಿಟ್ಟವರ ಖರ್ಚು, ನಿಂತುಹೋಗುವ ಓದು ಇವುಗಳನ್ನೂ ಖರ್ಚಿನ ಬದಿಗೆ ಬರೆಯಬೇಕು. ಕೈಯಲ್ಲೊಂದು ಕಸಬು ಕಲಿತು ಬಂದವನಿಗೂ ಬರಿಗೈಯಲ್ಲಿ ಬಂದವನಿಗೂ ಅಜಗಜಾಂತರ. ಎಲ್ಲಕ್ಕಿಂತ ಮುಖ್ಯ, ಆ ತುದಿಯಲ್ಲಿ ಕಾಯುವವರು ಯಾರಾದರೂ ಇದ್ದಾರೆಯೆ?

ಇದನ್ನು ಆ ಗೌಂಡಿಯವರಿಗೆ ಹೇಳಬೇಕೆಂದು ನಾವು ಕಾದಿದ್ದೆವು. ಹುಡುಗ ಮೊದಲು ಊರ ಹತ್ತಿರ ಐ.ಟಿ.ಐ. ಮುಗಿಸಲಿ, ಆಮೇಲೆ ಬರಲಿ ಎಂಬ ಮಾತು ನಾಲಗೆಯ ತುದಿಯಲ್ಲಿತ್ತು. ದಸರೆಯ ಮುಂಚೆ ಅವರು ಮತ್ತೆ ಬಂದರು. ಜೊತೆಯಲ್ಲಿ ಹುಡುಗನಿದ್ದ. ಅಂಗೈಯಲ್ಲಿ ಸಿಮೆಂಟಿನ ಬಿರುಕು. ಖಾತೆ ತೆರೆಯುವ ಅರ್ಜಿಯ ಮೇಲೆ ಕನ್ನಡದಲ್ಲಿ ದುಂಡಗೆ ಸಹಿ ಮಾಡಿದ.

ವಾಚಕರೆ, ಆ ಹುಡುಗ ಬಂದಾಗಿದೆ. ಬರಬೇಕಿತ್ತೆ ಎಂಬ ಚರ್ಚೆ ಅವನಿಗೆ ಇನ್ನು ಉಪಯೋಗವಿಲ್ಲ. ನಮ್ಮ ಹಿರಿಯರಿಗೆ ರಾತ್ರಿ ಶಾಲೆ ಸಿಕ್ಕಿತು. ಅವನಿಗೆ ಏನು ಸಿಗಬೇಕು? ಈ ರಾಜ್ಯೋತ್ಸವದ ಹಾಡು ಭಾಷಣಗಳು ಮುಗಿದ ಮೇಲೆ, ಭಾನುವಾರದ ಸಂಜೆ ಎರಡು ಗಂಟೆ ಸಂಘದ ಕೋಣೆಯನ್ನು ತೆರೆದಿಡೋಣ. ಅರ್ಜಿ ತುಂಬಿಕೊಡಲು, ಕೂಲಿಯ ಲೆಕ್ಕ ನೋಡಿಕೊಡಲು, ಪರೀಕ್ಷೆಗೆ ಕಟ್ಟಿಸಲು ನಮ್ಮಲ್ಲಿ ಬಲ್ಲವರು ಬೇಕಾದಷ್ಟು ಮಂದಿ ಇದ್ದಾರೆ. ಬ್ಯಾಂಕಿನ ಕಾಗದಪತ್ರಗಳ ಹೊಣೆ ನಮ್ಮದು. ಉಳಿದದ್ದಕ್ಕೆ ಯಾರು ಯಾರು ಬರುವಿರಿ?