ಮತಾಂತರ: ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆ

ಈ ಮೂರು ತಾಲ್ಲೂಕುಗಳ ಮತಾಂತರದ ಚರಿತ್ರೆ ಒಂದೇ ಕಡತದಲ್ಲಿ ಸಿಗುವುದಿಲ್ಲ. ಏಕೆಂದರೆ 1799ರಲ್ಲಿ ಟಿಪ್ಪು ಮಡಿದ ಮೇಲೆ ಇಂದಿನ ಹನೂರೂ ಸೇರಿದಂತೆ ಕೊಳ್ಳೇಗಾಲ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಕೊಯಮತ್ತೂರು ಜಿಲ್ಲೆಗೆ ಸೇರಿತು. ಯಳಂದೂರು ಮೈಸೂರಿನಲ್ಲೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರ ಜಹಗೀರಾಯಿತು.

ಇಲ್ಲಿನ ಹಳೆಯ ಪದ್ಧತಿ ಒಕ್ಕಲಾಗುವುದು, ಅಂದರೆ ಒಂದು ದೇವರಿಗೆ ನಡೆದುಕೊಳ್ಳುವ ಭಕ್ತರಾಗುವುದು. ಜಾತಿ ಬಿಡದೆಯೇ ಮಂಟೇಸ್ವಾಮಿಗೆ ನೀಲಗಾರ, ಮಲೆಯ ಮಾದಪ್ಪನಿಗೆ ದೇವರಗುಡ್ಡ ಆಗಬಹುದಿತ್ತು. ಈ ಇಬ್ಬರ ಜನಪದ ಮಹಾಕಾವ್ಯಗಳಲ್ಲಿ ಒಕ್ಕಲು ಪಡೆಯುವ ಹಲವು ಪ್ರಸಂಗಗಳು ಕಸುಬಿನ ಸುತ್ತಲೇ ನಡೆಯುತ್ತವೆ. ಚಿಕ್ಕಲ್ಲೂರಿನಲ್ಲಿ ನೆಲೆನಿಂತ ಸಿದ್ದಪ್ಪಾಜಿ ಕಮ್ಮಾರ ಮನೆತನದ ಕೆಂಪಾಚಾರಿ. ಗುರು ಮಂಟೇಸ್ವಾಮಿಗಾಗಿ ಅವನು ಕಬ್ಬಿಣದ ಭಿಕ್ಷೆ ಬೇಡಿದ್ದು ಹಲಗೂರಿನ ಪಾಂಚಾಳರಲ್ಲಿ. ಮಾದಪ್ಪನ ಕಥನದಲ್ಲಿ ಜೇನು ಕೀಳುವ ಸೋಲಿಗ ನೀಲೇಗೌಡ, ದನಗಳ ಸಿರಿವಂತ ಆಲಂಬಾಡಿ ಜುಂಜೇಗೌಡ ಬರುತ್ತಾರೆ. ಈ ಕಥೆಗಳು ಕಾಲನಿರ್ಣಯಕ್ಕೆ ಆಧಾರವಾಗವು. ಆದರೆ ಭಕ್ತಿಗೂ ಬದುಕಿನ ಸೊತ್ತಿಗೂ ಇರುವ ನಂಟನ್ನು ಈ ಸೀಮೆಯ ಹಾಡುಗಾರರು ಹೇಗೆ ಕಂಡಿದ್ದರೆಂಬುದಕ್ಕೆ ಇವಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ.

ಕ್ರೈಸ್ತ ಮತದ ಕಥೆ ಹೆಚ್ಚು ಪರಿಚಿತ. 17ನೇ ಶತಮಾನದ ನಡುವೆ ಜೆಸ್ಯೂಟ್ ಪಾದ್ರಿ ಚಿನ್ನಾಮಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ ಆರಂಭಿಸಿದ. ಈ ಸೀಮೆಗೆ ಬಂದರೆ, ಹನೂರು ಕಡೆಯ ಮಾರ್ಟಳ್ಳಿ, ಸಂದನಪಾಳ್ಯಗಳಲ್ಲಿ ಇಂದು ತಮಿಳು ಮಾತಾಡುವ ಕಥೋಲಿಕ ರೈತ ಕುಟುಂಬಗಳಿವೆ.

ನಿಜವಾದ ತೊಡಕು ಇರುವುದು 1950ರ ಈಚೆಗೆ. ಆ ವರ್ಷದ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂ ಧರ್ಮಕ್ಕೆ ಕಟ್ಟಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು, ಕ್ರೈಸ್ತರಿಗೆ ತೆರೆಯಲಿಲ್ಲ. ಕ್ರೈಸ್ತರಾದ ದಲಿತರು ಕರ್ನಾಟಕದಲ್ಲಿ ಹಿಂದುಳಿದ ವರ್ಗಗಳ ಪ್ರವರ್ಗ-1ಕ್ಕೆ ಸೇರುತ್ತಾರೆ. ಮತಾಂತರಕ್ಕೆ ಆಮಿಷವೇ ಕಾರಣವೆನ್ನುವವರು ಈ ನಷ್ಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಅಪರೂಪ. ಪರಿಶಿಷ್ಟ ಪಂಗಡಕ್ಕೆ ಧರ್ಮದ ಷರತ್ತಿಲ್ಲ. ಸೋಲಿಗರು ಯಾವ ಧರ್ಮ ಹಿಡಿದರೂ ಪಂಗಡದ ಸ್ಥಾನ ಹೋಗುವುದಿಲ್ಲ. ಅಲ್ಲಿ ತೊಡಕಾಗುವುದು ಹಳೆಯ ಗಡಿ. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂದರೂ ಅದರ ಪರಿಶಿಷ್ಟರ ಪಟ್ಟಿ ದಕ್ಷಿಣ ಕನ್ನಡದ ಜೊತೆ ಬೇರೆಯಾಗಿಯೇ ಉಳಿಯಿತು. ಈ ಪ್ರದೇಶ ಮಿತಿಯನ್ನು 1976ರ ತಿದ್ದುಪಡಿ ಬಹುಮಟ್ಟಿಗೆ ತೆಗೆದರೂ, ಕಣಿಯನ್ ಸಮುದಾಯ ಪರಿಶಿಷ್ಟ ಪಂಗಡವಾಗಿ ಕೊಳ್ಳೇಗಾಲ ತಾಲ್ಲೂಕಿಗಷ್ಟೇ ಸೀಮಿತವಾಯಿತು. ಪಕ್ಕದ ಯಳಂದೂರಿಗೆ ಅದು ಅನ್ವಯಿಸಲಿಲ್ಲ.

ಕೊಳ್ಳೇಗಾಲವನ್ನು ಮೈಸೂರಿಗೆ ಸೇರಿಸುವ 18 ದಿನ ಮೊದಲು, ಅಕ್ಟೋಬರ್ 14ರಂದು, ಅಂಬೇಡ್ಕರ್ ನಾಗಪುರದಲ್ಲಿ ಬೌದ್ಧ ದೀಕ್ಷೆ ಪಡೆದಿದ್ದರು. ಅಂಬೇಡ್ಕರ್‌ವಾದ ಈ ಸೀಮೆಯಲ್ಲಿ ಆಳವಾಗಿ ಬೇರೂರಿದೆ; 2018ರಲ್ಲಿ ಕೊಳ್ಳೇಗಾಲ ಮೀಸಲು ಕ್ಷೇತ್ರ ಬಿಎಸ್‌ಪಿಯ ಎನ್. ಮಹೇಶ್ ಅವರನ್ನು ಗೆಲ್ಲಿಸಿತು. ಬೌದ್ಧರ ಸಂಖ್ಯೆಯೇ ಗೊಂದಲದ್ದು. ಜನಗಣತಿ ರಾಜ್ಯದಲ್ಲಿ 2001ರಲ್ಲಿ 3.93 ಲಕ್ಷ, 2011ರಲ್ಲಿ 95,710 ಬೌದ್ಧರನ್ನು ತೋರಿಸುತ್ತದೆ. ಮೂರು ಲಕ್ಷ ಜನ ಧರ್ಮ ತೊರೆದರೆಂದು ಇದನ್ನು ಓದುವುದು ಅವಸರದ ಮಾತು. 1990ರ ಬಳಿಕವೂ ಜಾತಿ ಪ್ರಮಾಣಪತ್ರಕ್ಕೆ ತೊಂದರೆಯಾದೀತೆಂಬ ಅಳುಕಿನಲ್ಲಿ ಧರ್ಮದ ಕಾಲಂನಲ್ಲಿ ಹಿಂದೂ ಎಂದೇ ಬರೆಸುವ ಬೌದ್ಧ ಕುಟುಂಬಗಳೂ ಇರುತ್ತವೆ.