ಪ್ಯಾಕರ್ಡ್ ಸಾಮಿಲ್ ಇದ್ದ ಊರು

‘ಟ್ವಿನ್ ಪೀಕ್ಸ್’ ಧಾರಾವಾಹಿಯ ಶೀರ್ಷಿಕೆಯಲ್ಲಿ ಮೊದಲು ಒಂದು ಹಕ್ಕಿ, ಆಮೇಲೆ ಮಿಲ್ಲಿನ ಹೊಗೆಕೊಳವೆ, ಆಮೇಲೆ ಗರಗಸಕ್ಕೆ ಸಾಣೆ ಹಿಡಿಯುವ ಯಂತ್ರ. ಏಂಜೆಲೊ ಬಡಲಮೆಂಟಿಯ ಸಂಗೀತಕ್ಕೆ ನನ್ನ ಅಳಿಯ ಕಣ್ಣು ಮುಚ್ಚಿ ತಲೆದೂಗುತ್ತಾನೆ. ನನಗೆ ಕಣ್ಣು ಮುಚ್ಚಲಾಗಲಿಲ್ಲ. ಕೊಕ್ಕೆಯೊಂದು ಗರಗಸವನ್ನು ಒಂದು ಹಲ್ಲಿನಷ್ಟು ಮುಂದಕ್ಕೆ ತಳ್ಳುತ್ತದೆ. ಸಾಣೆಚಕ್ರ ಇಳಿದು ಹಲ್ಲನ್ನು ಸವರಿ, ಕಿಡಿ ಹಾರಿಸಿ, ಮೇಲೇಳುತ್ತದೆ. ಮತ್ತೆ ಮುಂದಿನ ಹಲ್ಲು. ಚಕ್ರ ಒಂದು ಕ್ಷಣ ಹೆಚ್ಚು ಒತ್ತಿದರೆ ಹಲ್ಲಿನ ತುದಿ ನೀಲಿಗೆ ತಿರುಗುತ್ತದೆ. ನೀಲಿಯಾದ ಹಲ್ಲಿನ ಹದ ಕೆಟ್ಟಿತೆಂದೇ ಲೆಕ್ಕ, ಎರಡು ದಿಮ್ಮಿ ಸೀಳುವುದರೊಳಗೆ ಮೊಂಡಾಗುತ್ತದೆ. ದಾಂಡೇಲಿಯ ಸಾಮಿಲ್‌ನಲ್ಲಿ ಮೊದಲು ಅರ ಹಿಡಿದು, ಆಮೇಲೆ ಇಂಥದೇ ಯಂತ್ರದ ಮುಂದೆ ಕೂತು ಹೊಟ್ಟೆ ಹೊರೆದವನು ನಾನು. ಒಬ್ಬ ನಿರ್ದೇಶಕ ಈ ಕೆಲಸವನ್ನು ಇಷ್ಟು ಹೊತ್ತು, ಇಷ್ಟು ಹತ್ತಿರದಿಂದ ತೋರಿಸಿದ್ದನ್ನು ಬೇರೆಲ್ಲೂ ನೋಡಿಲ್ಲ.

ಡೇವಿಡ್ ಲಿಂಚ್ ಮತ್ತು ಮಾರ್ಕ್ ಫ್ರಾಸ್ಟ್ ಸೇರಿ ಕಟ್ಟಿದ ಈ ಕಥೆಯ ಮೊದಲ ಕಂತು ಎಬಿಸಿ ವಾಹಿನಿಯಲ್ಲಿ ಬಂದದ್ದು 1990ರ ಏಪ್ರಿಲ್ 8ರಂದು. ಚಿತ್ರೀಕರಣ ನಡೆದದ್ದು ಅದಕ್ಕೂ ಒಂದು ವರ್ಷ ಮೊದಲು, 1989ರ ಆರಂಭದ ಚಳಿಯಲ್ಲಿ, ವಾಷಿಂಗ್ಟನ್ ರಾಜ್ಯದ ಸ್ನೊಕ್ವಾಲ್ಮಿ, ನಾರ್ತ್ ಬೆಂಡ್, ಫಾಲ್ ಸಿಟಿ ಎಂಬ ಸಣ್ಣ ಊರುಗಳಲ್ಲಿ. ಮಗಳ ಮನೆ ಇರುವುದು ಸ್ನೊಕ್ವಾಲ್ಮಿಯ ದಿಣ್ಣೆಯ ಮೇಲೆ. ಹಾಗಾಗಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಹುಡುಗಿಯ ಹೆಣ, ಕನಸಿನ ಕುಳ್ಳ, ಕೆಂಪು ಪರದೆ ಇವೆಲ್ಲ ಬೇರೆಯವರಿಗಿರಲಿ. ನಾನು ಹುಡುಕಿದ್ದು ಆ ಮಿಲ್ಲನ್ನು.

ಕಥೆಯಲ್ಲಿ ಅದರ ಹೆಸರು ಪ್ಯಾಕರ್ಡ್ ಸಾಮಿಲ್. ನಿಜದಲ್ಲಿ ಅದು ಸ್ನೊಕ್ವಾಲ್ಮಿ ಫಾಲ್ಸ್ ಲಂಬರ್ ಕಂಪನಿ, ವೇಯರ್‌ಹೌಸರ್ ಬಳಗದ್ದು. ಫ್ರೆಡರಿಕ್ ವೇಯರ್‌ಹೌಸರ್ 1900ರಲ್ಲಿ ರೈಲ್ವೆ ದೊರೆ ಜೇಮ್ಸ್ ಹಿಲ್‌ನಿಂದ ಒಂದೇ ಏಟಿಗೆ 9 ಲಕ್ಷ ಎಕರೆ ಕಾಡು ಕೊಂಡವನು. ಸ್ನೊಕ್ವಾಲ್ಮಿಯ ಮಿಲ್ಲು ಗರಗಸ ತಿರುಗಿಸಲು ಶುರುಮಾಡಿದ್ದು 1917ರಲ್ಲಿ. ಆಗಿನ ಬಹುತೇಕ ಮಿಲ್ಲುಗಳು ಉಗಿಯ ಮೇಲೆ ನಡೆಯುತ್ತಿದ್ದಾಗ ಇಲ್ಲಿ ಪೂರ್ತಿ ಕರೆಂಟು. ಪಕ್ಕದಲ್ಲೇ 82 ಮೀಟರ್ ಎತ್ತರದ ಜಲಪಾತ. ಅದರ ಬುಡದ ಬಂಡೆಯನ್ನು ಕೊರೆದು, ನೆಲದೊಳಗೆ ವಿದ್ಯುದಾಗಾರ ಕಟ್ಟಿ ಆಗಲೇ ಎರಡು ದಶಕವಾಗುತ್ತ ಬಂದಿತ್ತು. ಶೀರ್ಷಿಕೆಯಲ್ಲಿ ಧುಮುಕುವ ನೀರು ಅದೇ.

ಮಿಲ್ಲಿನ ಸುತ್ತ ಕಂಪನಿಯೇ ಊರು ಕಟ್ಟಿತು. ಮನೆ ಕಂಪನಿಯದು, ಆಸ್ಪತ್ರೆ ಕಂಪನಿಯದು, ಅಂಗಡಿಯೂ ಕಂಪನಿಯದೇ. ಮೊದಲ ಮಹಾಯುದ್ಧದಲ್ಲಿ ವಿಮಾನಕ್ಕೆ ಸ್ಪ್ರೂಸ್ ಮರ ಬೇಕಾಗಿ ಸರ್ಕಾರ ಸಿಪಾಯಿಗಳನ್ನೇ ಈ ಸೀಮೆಯ ಕಾಡಿಗೂ ಮಿಲ್ಲುಗಳಿಗೂ ಇಳಿಸಿತು. ಮುಷ್ಕರ ಹೂಡಿ ಹೊಡೆತ ತಿಂದರೂ ಕೂಲಿಗಳಿಗೆ ಸಿಕ್ಕದಿದ್ದ ಎಂಟು ಗಂಟೆಯ ದುಡಿಮೆ 1918ರಲ್ಲಿ ಯುದ್ಧದ ಅವಸರಕ್ಕೆ ಸಿಕ್ಕಿತು. ಜಪಾನಿ ಕೆಲಸಗಾರರಿಗೆ ಬೇರೆ ಕೇರಿ ಇತ್ತು. 1942ರಲ್ಲಿ ರೂಸ್‌ವೆಲ್ಟರ ಆದೇಶದ ಮೇಲೆ ಈ ಕರಾವಳಿಯ ಜಪಾನಿಯರನ್ನೆಲ್ಲ ಶಿಬಿರಗಳಿಗೆ ಸಾಗಿಸಿದಾಗ ಆ ಕೇರಿಯ ಕಥೆಯೂ ಮುಗಿಯಿತು. 1958ರ ಹೊತ್ತಿಗೆ ಕಂಪನಿಗೆ ಊರು ಸಾಕುವುದು ಬೇಡವಾಯಿತು. ಮನೆಗಳನ್ನು ತಳದಿಂದ ಎಬ್ಬಿಸಿ, ನದಿ ದಾಟಿಸಿ, ಸ್ನೊಕ್ವಾಲ್ಮಿಗೆ ಎಳೆದು ತಂದು ನಿಲ್ಲಿಸಿದರು. ಅಲ್ಲಿನ ಮನೆಗಳು ಮರದವು. ಪೂರ್ತಿ ಮನೆಯನ್ನೇ ಗಾಡಿಯ ಮೇಲೇರಿಸಬಹುದು. ನಮ್ಮ ಜಂಬಿಟ್ಟಿಗೆಯ ಗೋಡೆಗೆ ಆ ಭಾಗ್ಯವಿಲ್ಲ.

ಮೊದಲ ಕಂತಿನಲ್ಲಿ ನನಗೆ ಮುಖ್ಯವೆನಿಸಿದ ದೃಶ್ಯದ ಬಗ್ಗೆ ಯಾರೂ ಮಾತಾಡಿದ್ದು ಕೇಳಿಲ್ಲ. ಹುಡುಗಿಯ ಹೆಣ ಸಿಕ್ಕಿದೆ, ಮಿಲ್ಲಿನ ಒಬ್ಬ ಕೆಲಸಗಾರನ ಮಗಳೂ ಕಾಣೆಯಾಗಿದ್ದಾಳೆ. ಮಿಲ್ಲಿನ ಒಡತಿ ಜೋಸಿ, ಸತ್ತ ಯಜಮಾನನ ಹೆಂಡತಿ, ಇವತ್ತು ಮಿಲ್ಲು ನಿಲ್ಲಲಿ, ಎಲ್ಲರೂ ಮನೆಗೆ ಹೋಗಿ ಮಕ್ಕಳ ಜೊತೆ ಇರಲಿ ಎನ್ನುತ್ತಾಳೆ. ಮಿಲ್ಲು ನಡೆಸುವ ನಾದಿನಿ ಕ್ಯಾಥರೀನ್ ಆಗುವುದಿಲ್ಲ ಎನ್ನುತ್ತಾಳೆ. ಕೊನೆಗೆ ಒಡತಿಯ ಮಾತೇ ನಡೆಯುತ್ತದೆ. ಆ ಸಿಟ್ಟಿಗೆ ಕ್ಯಾಥರೀನ್ ಎದುರಿಗೆ ಸಿಕ್ಕ ಒಬ್ಬ ಬಡಪಾಯಿಯನ್ನು ಅಲ್ಲೇ ಕೆಲಸದಿಂದ ತೆಗೆಯುತ್ತಾಳೆ. ಪತ್ತೇದಾರಿ ಕಥೆಗೆ ಇದರಿಂದ ಏನೂ ಉಪಯೋಗವಿಲ್ಲ. ಆದರೆ ಸಾವಿನ ಸೂತಕಕ್ಕೆ ಮಿಲ್ಲು ನಿಲ್ಲಿಸಬೇಕೇ ಬೇಡವೇ ಎಂಬ ಜಗಳ ನಾನು ಕಣ್ಣಾರೆ ಕಂಡದ್ದು. ನಿಲ್ಲಿಸಿದರೆ ಅರ್ಧ ದಿನದ ಕೂಲಿ ಯಾರ ತಲೆಗೆ ಎಂಬ ಪ್ರಶ್ನೆ ಹೆಣ ಎತ್ತುವ ಮೊದಲೇ ಏಳುತ್ತದೆ, ಮತ್ತು ಮಾಲೀಕರ ಸಿಟ್ಟು ತೀರುವುದು ಯಾವಾಗಲೂ ಸಂಬಂಧವೇ ಇಲ್ಲದವನ ಮೇಲೆ.

ಕಥೆಯಲ್ಲಿ ಒಂದು ದಿನಕ್ಕೆ ನಿಂತ ಆ ಮಿಲ್ಲಿನ ಮುಖ್ಯ ಭಾಗ, ನಿಜದಲ್ಲಿ ಅದೇ 1989ರಲ್ಲಿ ಕಾಯಂ ನಿಂತಿತು. ಧಾರಾವಾಹಿ ಪರದೆಗೆ ಬರುವಾಗ ಅದರ ಸಾಮಿಲ್ ಆಗಲೇ ಹಳೆಯ ಚಿತ್ರ. ಉಳಿದ ಕೆಲಸ 2003ರವರೆಗೆ ಎಳೆಯಿತು. ಕಥೆಯ ಮಿಲ್ಲನ್ನು ಮೊದಲ ಸರಣಿಯ ಕೊನೆಗೆ, 1990ರ ಮೇ ತಿಂಗಳಲ್ಲಿ, ಬೆಂಕಿ ಹಚ್ಚಿ ಸುಟ್ಟರು. ಒಂದು ರಾತ್ರಿ, ಒಬ್ಬ ಖಳ, ಒಂದು ಬೆಂಕಿ. ನಿಜವಾದ ಮಿಲ್ಲುಗಳಿಗೆ ಅಷ್ಟು ಚೊಕ್ಕಟವಾದ ಸಾವು ಬರುವುದಿಲ್ಲ.

ಸಾಯಿಸಿದ್ದು ಯಾರು ಎಂದು ಆ ಕಣಿವೆಯ ಹಳಬರನ್ನು ಕೇಳಿದರೆ ಒಂದು ಉತ್ತರ ತಟ್ಟನೆ ಬರುತ್ತದೆ: ಗೂಬೆ. ಮಚ್ಚೆಗೂಬೆಯನ್ನು ಅಮೆರಿಕ ಸರ್ಕಾರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದ್ದು 1990ರ ಜೂನ್‌ನಲ್ಲಿ. ಮರುವರ್ಷ ಸಿಯಾಟಲ್‌ನ ನ್ಯಾಯಾಧೀಶ ವಿಲಿಯಂ ಡ್ವಯರ್ ಆ ಗೂಬೆ ಬದುಕುವ ಸರ್ಕಾರಿ ಕಾಡುಗಳಲ್ಲಿ ಮರದ ಹರಾಜು ತಡೆದರು. ಮರದ ಲಾರಿಗಳ ಮೇಲೆ ಗೂಬೆಯನ್ನು ಬೈಯುವ ಬರಹ ರಾರಾಜಿಸಿತು. ಧಾರಾವಾಹಿಯಲ್ಲೂ ಗೂಬೆಗಳು ಕಂಡಂತೆ ಇರುವುದಿಲ್ಲ ಎಂಬ ಎಚ್ಚರಿಕೆ ಬರುತ್ತದೆ, ಕಾಕತಾಳೀಯ ಎನ್ನಿ. ಆದರೆ ತಾರೀಖು ನೋಡಿ. ಮುಖ್ಯ ಮಿಲ್ಲು ನಿಂತದ್ದು 1989ರಲ್ಲಿ, ಗೂಬೆ ಪಟ್ಟಿ ಸೇರಿದ್ದು 1990ರಲ್ಲಿ. ವೇಯರ್‌ಹೌಸರ್‌ಗೆ ಸ್ವಂತದ ಕಾಡೂ ಇತ್ತು. ಅಸಲು ಸಂಗತಿ ಬೇರೆ. ಮೂರಾಳು ತಬ್ಬುವ ಹಳೇ ಡಗ್ಲಸ್ ಫರ್ ಮರಗಳು ಎಪ್ಪತ್ತು ವರ್ಷದಲ್ಲಿ ಕರಗಿದ್ದವು. ಅಂಥ ಮರಕ್ಕೆಂದೇ ಮಾಡಿದ ಯಂತ್ರಕ್ಕೆ ಎರಡನೇ ಬೆಳೆಯ ಸಣ್ಣ ದಿಮ್ಮಿ ಲಾಭದ್ದಲ್ಲ. ಎಂಬತ್ತರ ದಶಕದ ಆರಂಭದಲ್ಲಿ ಬಡ್ಡಿ ಏರಿ, ಮನೆ ಕಟ್ಟುವವರು ಕಡಿಮೆಯಾಗಿ, ಹಲಗೆಯ ದರ ಬಿದ್ದಿತ್ತು. ಕೇಂದ್ರ ಸರ್ಕಾರದ ಕಾಡಿನ ದಿಮ್ಮಿ ಹೊರದೇಶಕ್ಕೆ ಕಳಿಸುವಂತಿರಲಿಲ್ಲ, ಖಾಸಗಿ ಕಾಡಿನದಕ್ಕೆ ಆ ತಡೆ ಇರಲಿಲ್ಲ. ಸೀಳದ ದಿಮ್ಮಿಗಳು ಹಡಗು ಹತ್ತಿ ಜಪಾನಿಗೆ ಹೋಗುತ್ತಿದ್ದವು. ಹೊಸ ಮಿಲ್ಲುಗಳಲ್ಲಿ ಹತ್ತಾಳಿನ ಕೆಲಸವನ್ನು ಕಂಪ್ಯೂಟರಿನ ಮುಂದೆ ಕೂತ ಒಬ್ಬ ಮಾಡುತ್ತಿದ್ದ. ಇಷ್ಟೆಲ್ಲ ಆಗಿಯೂ ಬೈಗುಳ ತಿಂದದ್ದು ಹಗಲು ನಿದ್ದೆ ಮಾಡುವ ಹಕ್ಕಿ. ನಮ್ಮಲ್ಲೂ 1996ರ ಗೋದಾವರ್ಮನ್ ಮೊಕದ್ದಮೆಯ ಆದೇಶದಿಂದ ಪರವಾನಗಿ ಇಲ್ಲದ ಸಾಮಿಲ್‌ಗಳಿಗೆ ಬೀಗ ಬಿದ್ದಾಗ ಎಲ್ಲರೂ ಕೋರ್ಟನ್ನು ಬೈದರು. ಅದಕ್ಕೂ ಎಷ್ಟೋ ಮೊದಲೇ ನನ್ನ ಗರಗಸಕ್ಕೆ ಬರುವ ಸಾಗುವಾನಿ ತೊಡೆಯಷ್ಟು ದಪ್ಪಕ್ಕೆ ಇಳಿದಿತ್ತು. ಅದನ್ನು ಯಾರೂ ಹೇಳಲಿಲ್ಲ.

ಮೊದಲ ಕಂತಿನ ಇನ್ನೊಂದು ಎಳೆಗೆ ಬರುತ್ತೇನೆ, ಇದು ನಿಜಕ್ಕೂ ಮೈ ಜುಮ್ಮೆನ್ನಿಸಿತು. ಊರಿನ ದೊಡ್ಡ ಹೋಟೆಲಿನ ಒಡೆಯ ಬೆಂಜಮಿನ್ ಹಾರ್ನ್, ನಾರ್ವೆಯಿಂದ ಬಂದ ಹಣವಂತರಿಗೆ ‘ಗೋಸ್ಟ್‌ವುಡ್’ ಎಂಬ ಯೋಜನೆ ಮಾರುತ್ತಿರುತ್ತಾನೆ: ಕಾಡಿನ ಜಾಗದಲ್ಲಿ ಕಂಟ್ರಿ ಕ್ಲಬ್ಬು, ಮನೆಗಳು. ಕೊಲೆಯ ಸುದ್ದಿ ಕೇಳಿ ನಾರ್ವೆಯವರು ಪೆಟ್ಟಿಗೆ ಕಟ್ಟಿಕೊಂಡು ಓಡುತ್ತಾರೆ. ಮುಂದೆ ಮಿಲ್ಲಿಗೆ ಬೆಂಕಿ ಬೀಳುವುದೂ ಇದೇ ಜಮೀನಿಗಾಗಿ. ನಿಜವಾದ ಸ್ನೊಕ್ವಾಲ್ಮಿಯಲ್ಲಿ, ತೊಂಬತ್ತರ ದಶಕದಲ್ಲಿ, ವೇಯರ್‌ಹೌಸರ್‌ನ ರಿಯಲ್ ಎಸ್ಟೇಟ್ ಕಂಪನಿಯೇ ತನ್ನ ಕಾಡಿನ ದಿಣ್ಣೆಯ ಮೇಲೆ ಸ್ನೊಕ್ವಾಲ್ಮಿ ರಿಜ್ ಎಂಬ ಬಡಾವಣೆ ಎಬ್ಬಿಸಿತು. ಮಧ್ಯೆ ಜ್ಯಾಕ್ ನಿಕ್ಲಾಸ್ ವಿನ್ಯಾಸ ಮಾಡಿದ ಗಾಲ್ಫ್ ಮೈದಾನ, 1999ರಿಂದ. ಒಂದೂವರೆ ಸಾವಿರ ಚಿಲ್ಲರೆ ಜನರಿದ್ದ ಊರು 2010ರ ಜನಗಣತಿಗೆ ಹತ್ತು ಸಾವಿರ ದಾಟಿತು. ರೆಡ್ಮಂಡ್‌ನ ಸಾಫ್ಟ್‌ವೇರ್ ಕೆಲಸಕ್ಕೆ ಬಂದವರು ಮನೆ ಕೊಂಡರು, ಅವರಲ್ಲಿ ನನ್ನ ಮಗಳೂ ಒಬ್ಬಳು. “ಅಪ್ಪಾ, ಹಾಗಾದ್ರೆ ನಾವಿರೋದು ಗೋಸ್ಟ್‌ವುಡ್‌ನಲ್ಲೇನಾ?” ಅಂದಳು. ಹೌದು ಮಗಳೇ ಅಂದೆ. ಅಳಿಯ ಗೃಹಸಾಲದ ಬಡ್ಡಿಯ ವಿಷಯ ತೆಗೆದ.

ಮಿಲ್ಲಿನ ಅಂಗಳದಲ್ಲಿ ಈಗ ರ‍್ಯಾಲಿ ಕಾರು ಓಡಿಸುವುದನ್ನು ಕಲಿಸುವ ಶಾಲೆ ಇದೆ. ಧಾರಾವಾಹಿಯಲ್ಲಿ ಶೆರಿಫ್ ಠಾಣೆಯಾಗಿ ಕಂಡದ್ದು ಮಿಲ್ಲಿನ ಆಫೀಸು, ಈಗ ಅದೇ ಆ ಶಾಲೆಯ ಕಟ್ಟಡ. ದಿಮ್ಮಿ ಉರುಳುತ್ತಿದ್ದ ನೆಲದಲ್ಲಿ ಕಾರುಗಳು ಜಲ್ಲಿ ಹಾರಿಸುತ್ತವೆ. ಕಾಣೆಯಾಗಿದ್ದ ಆ ಕೆಲಸಗಾರನ ಮಗಳು ಗಾಯಗೊಂಡು ತಡವರಿಸುತ್ತ ದಾಟುವ ಕಬ್ಬಿಣದ ರೈಲು ಸೇತುವೆಯ ಮೇಲೆ ಈಗ ಸೈಕಲ್ಲಿನವರು, ನಾಯಿ ಹಿಡಿದವರು.

ಹಾರ್ನ್‌ನ ಹೋಟೆಲೆಂದು ತೋರಿಸಿದ್ದು ಜಲಪಾತದ ನೆತ್ತಿಯ ಸ್ಯಾಲಿಶ್ ಲಾಡ್ಜನ್ನು. ಆ ಜಲಪಾತ ಸ್ನೊಕ್ವಾಲ್ಮಿ ಬುಡಕಟ್ಟಿನವರಿಗೆ ದೇವರ ಜಾಗ. 1855ರ ಪಾಯಿಂಟ್ ಎಲಿಯಟ್ ಒಪ್ಪಂದದಲ್ಲಿ ನೆಲ ಹೋಯಿತು. 1953ರಲ್ಲಿ ಸರ್ಕಾರ ಅವರನ್ನು ಬುಡಕಟ್ಟೆಂದು ಒಪ್ಪುವುದನ್ನೇ ಬಿಟ್ಟಿತು. ಆ ಮಾನ್ಯತೆ ಮರಳಿದ್ದು 1999ರಲ್ಲಿ. ಧಾರಾವಾಹಿಯ ಹೋಟೆಲಿನ ಗೋಡೆಯ ತುಂಬ ಬುಡಕಟ್ಟಿನ ಚಿತ್ರಗಳಿವೆ, ಊರಿನ ಬುಡಕಟ್ಟಿನವನೆಂದರೆ ಡೆಪ್ಯುಟಿ ಹಾಕ್ ಒಬ್ಬನೇ. ಮುಂದೆ ಜಲಪಾತದ ಪಕ್ಕದ ಜಾಗದಲ್ಲೂ ಮನೆ ಕಟ್ಟುವ ಯೋಜನೆ ಬಂದಾಗ, 2019ರಲ್ಲಿ ಸ್ನೊಕ್ವಾಲ್ಮಿ ಬುಡಕಟ್ಟಿನವರು ಲಾಡ್ಜನ್ನೂ ಸುತ್ತಲ ಸುಮಾರು 45 ಎಕರೆಯನ್ನೂ 12.5 ಕೋಟಿ ಡಾಲರ್ ಕೊಟ್ಟು ಕೊಂಡು, ಕಟ್ಟಡದ ಯೋಜನೆಯನ್ನು ಅಲ್ಲಿಗೇ ನಿಲ್ಲಿಸಿದರು.